ಯಾವ ಹೆಪ್ಪು?

ಮೇಜಿನ ಮೇಲೆ ಮೂರು ಪೊಟ್ಟಣ,
ಒಂದೊಂದರಲ್ಲೂ ಹನ್ನೊಂದು ಗ್ರಾಂ ಒಣಗಿದ ಜೀವ.
ಹಂಡೆಯಲ್ಲಿ ಸುಟ್ಟ ಬಾರ್ಲಿಯ ಕಷಾಯ,
ಡಾಂಬರಿನಷ್ಟು ಕಪ್ಪು.
ಆರಲು ಇನ್ನೂ ಮುಕ್ಕಾಲು ಗಂಟೆ.
ಅಷ್ಟರೊಳಗೆ ಡಾರ್ಕಸ್ ತೀರ್ಮಾನಿಸಬೇಕು.

ಮೊದಲನೆಯದು ಇಂಗ್ಲಿಷ್ ಯೀಸ್ಟ್.
ಅರ್ಧ ಸಿಹಿ ಎಲೆಯಲ್ಲೇ ಬಿಟ್ಟು
ತಳಕ್ಕಿಳಿದು ಕಲ್ಲಾಗಿ ಮಲಗುವ ಜಾತಿ,
ಅವಳ ಗಂಡನ ಕಡೆಯವರ ಹಾಗೆ.
ಎರಡನೆಯದು ಐರಿಷ್, ಮಾತುಗಾರ.
ತುಸು ಹಣ್ಣು, ತುಸು ಬೆಣ್ಣೆಯ ವಾಸನೆ;
ಹದಿನೆಂಟು ಡಿಗ್ರಿಗೆ ಒಂದು ಕಮ್ಮಿಯಾದರೂ ಮುನಿಸು.
ಮೂರನೆಯದು ಅಮೆರಿಕದ್ದು, ಬಲು ಚೊಕ್ಕಟ.
ಹೇಳಿದಷ್ಟು ಕೆಲಸ ಮುಗಿಸಿ ಕೈತೊಳೆದು ಹೋಗುತ್ತದೆ.
ಬಂದಿತ್ತೆಂದು ಯಾರಿಗೂ ತಿಳಿಯುವುದಿಲ್ಲ.
ಉಳಿಯುವುದು ಬರೀ ಸುಟ್ಟ ಕಾಳಿನ ಕಹಿ,
ಖಾಲಿ ಕೋಣೆಯಲ್ಲಿ ಆಡಿದ ಮಾತಿನಂತೆ.

ಷೆಡ್ಡಿನ ಗೋಡೆಯ ಥರ್ಮಾಮೀಟರ್: ಹದಿಮೂರು.
ನವೆಂಬರಿನ ನ್ಯೂಫೌಂಡ್‌ಲ್ಯಾಂಡ್;
ಕೊಲ್ಲಿಯ ಗಾಳಿ ಹಲಗೆಯ ಸಂದಿಗೆ ಬೆರಳು ತೂರಿಸಿ
ಕಳೆದುಹೋದದ್ದೇನನ್ನೋ ತಡಕುತ್ತಿದೆ.
ಕಂಬಳಿ ಸುತ್ತಿದರೆ?
ಹೋದ ವರ್ಷ ಸುತ್ತಿದ್ದಳು.
ಮೂರು ದಿನ ಗುಳ್ಳೆ, ನಾಲ್ಕನೆಯ ದಿನ ನಿದ್ದೆ.
ಕ್ರಿಸ್‌ಮಸ್ಸಿಗೆ ಬಂದವರು ಒಳ್ಳೆಯವರು,
ಕುಡಿದರು.

ನಾಲ್ಕನೆಯದೂ ಒಂದಿದೆ.
ಫ್ರಿಜ್ಜಿನಲ್ಲಿ, ಬೀಟ್‌ರೂಟ್ ಉಪ್ಪಿನಕಾಯಿಯ ಹಿಂದೆ,
ಹೆಸರಿಲ್ಲದ ಒಂದು ಜಾಡಿ.
ತಳದಲ್ಲಿ ನಾಲ್ಕು ಬೆರಳು ಬೂದು ಕೆಸರು.
ಹಡಗಿನ ಹಗ್ಗ ಕಟ್ಟುವ ಕೆಲಸದ ನಡುವೆ
ಫಿಲೊಮೀನಾ ತನ್ನ ಕೋಟಿನೊಳಗಿಂದ ತೆಗೆದು
ಇವಳ ಕೋಟಿನೊಳಗೆ ತುರುಕಿದ್ದು.
"ಯಾರದ್ದು ಅಂತ ಕೇಳಬೇಡ."

ಕೇಳುವುದೇನು ಬಂತು?
ಮುಚ್ಚಳ ಸಡಿಲಿಸಿದರೆ ಸುಟ್ಟ ಪೇರ್ ಹಣ್ಣಿನ ವಾಸನೆ;
ಇಡೀ ಕೊಲ್ಲಿಗೆ ಆ ವಾಸನೆ ಒಂದೇ ಷೆಡ್ಡಿನದು.
ರಸ್ತೆಯಾಚೆ, ಹಸಿರು ಬಾಗಿಲು, ಲಿಯಾಂಡರ್.
ಫಿಲೊಮೀನಾಳ ಅಣ್ಣ.
ಎಂಟು ವರ್ಷದಿಂದ ಮಾತಿಲ್ಲ.
ಜಗಳ, ಮೀನು ಒಣಹಾಕುವ ಅಟ್ಟ ಯಾರದ್ದೆಂದು.
ಮೀನು ಹೋಗಿ ಎಷ್ಟೋ ಕಾಲವಾಗಿತ್ತು.
ಅಟ್ಟವೂ ಆಮೇಲೊಂದು ಬಿರುಗಾಳಿಯಲ್ಲಿ ಹೋಯಿತು.
ಜಗಳ ಮಾತ್ರ ಗಟ್ಟಿಮುಟ್ಟು.

ಇವಳು ಜಾಡಿಯನ್ನು ಒಳಗಿಟ್ಟಳು. ತೆಗೆದಳು. ಒಳಗಿಟ್ಟಳು.
ಹನ್ನೊಂದು ಚಳಿಗಾಲ
ಒಂದು ಪಾತ್ರೆಯ ತಳದಿಂದ ಇನ್ನೊಂದರ ತಳಕ್ಕೆ
ಇದೇ ಗಾಳಿ ಕುಡಿದು ಬೆಳೆದದ್ದು.
ಹದಿಮೂರು ಡಿಗ್ರಿ ಅದಕ್ಕೆ ತವರು.
ಅಟ್ಟ ಯಾರದ್ದೆಂದು ಅದಕ್ಕೇನು ಗೊತ್ತು?
(ಗೊತ್ತಿದ್ದರೂ ಇರಬಹುದು,
ಅಷ್ಟು ವರ್ಷ ಅವನ ಗೊಣಗಾಟ ಕೇಳಿದೆ.)

ಜಾಡಿಯ ಬಾಯಿಗೆ ಸ್ಪಿರಿಟ್ ಒರೆಸಿ
ಕಣ್ಣು ಬೇರೆ ಕಡೆ ಮಾಡಿ
ಸುರಿದುಬಿಟ್ಟಳು.

ರಾತ್ರಿಯಿಡೀ ಏನೂ ಇಲ್ಲ.
ಎರಡು ಸಲ ಎದ್ದು ಟಾರ್ಚ್ ಬಿಟ್ಟು ನೋಡಿದಳು.
ಬೆಳಗಿನ ಜಾವ ನಳಿಗೆಯ ನೀರಲ್ಲಿ ಒಂದು ಗುಳುಕ್.
ಬಹಳ ಹೊತ್ತಿನ ಮೇಲೆ ಇನ್ನೊಂದು.
ಮಧ್ಯಾಹ್ನಕ್ಕೆ, ಹೇಳಲೋ ಬೇಡವೋ ಎಂದು
ಗಂಟಲು ಸರಿಮಾಡಿಕೊಳ್ಳುವವನ ಸದ್ದು,
ಬಿಡುವಿಲ್ಲದೆ.

ಕ್ರಿಸ್‌ಮಸ್ಸಿನ ಮೂರನೆಯ ರಾತ್ರಿ ಮುಸುಕಿನವರು ಬಂದರು,
ವಾಡಿಕೆಯಂತೆ, ಬಾಗಿಲು ಬಡಿದು.
ಮುಖಕ್ಕೆ ಕಿಟಕಿಯ ಪರದೆ, ಎಡಗಾಲಿಗೆ ಬಲಗಾಲಿನ ಬೂಟು,
ಗಂಡಸರಿಗೆ ಅತ್ತೆಯಂದಿರ ಲಂಗ.
ಗುರುತು ಹತ್ತದಿರಲೆಂದು
ಉಸಿರು ಒಳಗೆಳೆಯುತ್ತಲೇ ಮಾತು.
ಯಾರೆಂದು ಹೇಳಿದರೆ ಮುಸುಕು ತೆಗೆಯಬೇಕು, ಅದೇ ಆಟ.

ದಿಂಬು ತುರುಕಿದ ಗೂನು ಬೆನ್ನಿನವನೊಬ್ಬ
ಪರದೆಯನ್ನು ಎರಡೇ ಬೆರಳಲ್ಲಿ ಎತ್ತಿ
ಒಂದು ಗುಟುಕು ಕುಡಿದ. ನಿಂತ.
ಲೋಟಕ್ಕೆ ಮೂಗು ಹಿಡಿದ.
ಅವನ ಹೆಬ್ಬೆರಳಿಗೆ ಉಗುರಿಲ್ಲ.
ಆ ಉಗುರು ಹೋದ ದಿನ ದೋಣಿಯಲ್ಲಿ
ಇವಳೂ ಇದ್ದಳು.

"ಯಾವ ಹೆಪ್ಪು?"
ಉಸಿರು ಒಳಗೆಳೆದು ಕೇಳಿದ.

ಮಿಕ್ಕವರು ಕುಣಿಯುತ್ತಿದ್ದರು,
ನೆಲದ ಹಲಗೆ ನಡುಗುತ್ತಿತ್ತು.
ಡಾರ್ಕಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ
"ಯಾರೋ ಏನೋ,
ಗುರುತೇ ಸಿಗಲಿಲ್ಲ ನೋಡು" ಅಂದಳು.

ಅವನು ಲೋಟ ಮುಂದಕ್ಕೆ ಹಿಡಿದ.